ನಾಟಕದ ಋಣ ತೀರುವುದು ಹೇಗೆ?

ನಮ್ಮ ಸಿನಿಮಾ ನಾಟಕದ ಮನೆಯಲ್ಲಿ ಹುಟ್ಟಿ ಬೆಳೆದ ಕೂಸು. ದೇಶದ ಮೊದಲ ಮಾತಿನ ಚಿತ್ರ 'ಆಲಂ ಆರಾ' (1931) ಜೋಸೆಫ್ ಡೇವಿಡ್ ಬರೆದ ಪಾರ್ಸಿ ರಂಗಭೂಮಿಯ ನಾಟಕದಿಂದ ಬಂತು. ಕನ್ನಡದ 'ಸದಾರಮೆ' (1935), ರಾಜ್‌ಕುಮಾರ್ ನಾಯಕರಾದ 'ಬೇಡರ ಕಣ್ಣಪ್ಪ' (1954) ತೆರೆಗೆ ಬರುವ ಮೊದಲೇ ಗುಬ್ಬಿ ಕಂಪನಿಯ ರಂಗದಲ್ಲಿ ಹೆಸರಾಗಿದ್ದವು. ಹೀಗಿರುವಾಗ ಸಿನಿಮಾ ನಾಟಕಕ್ಕೆ ಎಷ್ಟು ಸಾಲಗಾರ? ಹಣ ಕೊಟ್ಟು, ಹಕ್ಕು ಪಡೆದು, ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಲೆಕ್ಕ ಚುಕ್ತಾ ಆಗುತ್ತದೆಯೇ?

ಹಡಗಲಿ ಸೀಮೆಯವರಿಗೆ ಇದು ದೂರದ ಪ್ರಶ್ನೆಯಲ್ಲ. ಉಪಮುಖ್ಯಮಂತ್ರಿಯ ಸ್ಥಾನಕ್ಕೇರಿದ ಎಂ.ಪಿ. ಪ್ರಕಾಶ್ ರಾಜಕೀಯದ ಗದ್ದಲದ ನಡುವೆಯೂ ಹೂವಿನಹಡಗಲಿಯ ರಂಗಭಾರತಿಯ ಮೂಲಕ ನಾಟಕವನ್ನು ಪೋಷಿಸಿದರು. ಹಿರೇಹಡಗಲಿಯಂಥ ಊರುಗಳಲ್ಲಿ ಜಾತ್ರೆ, ಹಬ್ಬ ಬಂತೆಂದರೆ ಹುಡುಗರು ತಾಲೀಮಿಗೆ ಕೂರುತ್ತಾರೆ. ಹಾರ್ಮೋನಿಯಂ ಮಾಸ್ತರರು ಬರುತ್ತಾರೆ. ಸಾಬರ ಹುಡುಗ ಗೌಡನ ಪಾರ್ಟು ಹಾಕುತ್ತಾನೆ, ಗೌಡರ ಹುಡುಗ ಬಾದಶಹನ ಪಾರ್ಟು ಹಾಕುತ್ತಾನೆ. ಹಾಡು ಹಿಡಿಸಿದರೆ ಜನ 'ವನ್ಸ್ ಮೋರ್' ಎನ್ನುತ್ತಾರೆ, ಹಿಡಿಸದಿದ್ದರೆ ಎದ್ದು ಹೋಗುತ್ತಾರೆ. ಬಡವನನ್ನು ಸುಲಿಯುವ ಸಾಹುಕಾರನಾಗಿ ರಾತ್ರಿ ಅಬ್ಬರಿಸಿದವನು ಬೆಳಿಗ್ಗೆ ಅದೇ ಜನರ ಜೊತೆ ಚಹಾದ ಅಂಗಡಿಯಲ್ಲಿ ಕೂರಬೇಕು.

ಇಲ್ಲಿ ಒಂದು ನೀತಿಯಿದೆ. ನಾಟಕದವನು ತಾನು ಆಡಿದ ಮಾತಿಗೆ ಅಲ್ಲೇ, ಆಗಲೇ ಉತ್ತರ ಕೊಡಬೇಕು. ಯಾರ ಬಗ್ಗೆ ಮಾತಾಡುತ್ತಾನೋ ಅವರೇ ಎದುರಿಗೆ ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಒಂದು ಜಾತಿಯನ್ನೋ ಧರ್ಮವನ್ನೋ ಸಾರಾಸಗಟಾಗಿ ಕೆಟ್ಟದ್ದೆಂದು ತೋರಿಸಲು ಅವನ ನಾಲಿಗೆ ತುಸುವಾದರೂ ತಡವರಿಸುತ್ತದೆ. ಹಾಗೆಂದು ಊರ ನಾಟಕಗಳೆಲ್ಲ ಪರಿಶುದ್ಧವೆಂದು ನಾವು ಹೇಳುತ್ತಿಲ್ಲ. ಹಾಸ್ಯದ ಹೆಸರಿನಲ್ಲಿ ಹೆಂಗಸರನ್ನು, ಬಡವರನ್ನು ಹಂಗಿಸಿದ ದೃಶ್ಯಗಳು ಅಲ್ಲೂ ಉಂಟು. ಆದರೆ ನೊಂದವನು ಮರುದಿನ ಬಂದು ಕೇಳುವ ದಾರಿಯೂ ಅಲ್ಲಿ ಉಂಟು. ಸಿನಿಮಾ ಪೂರ್ತಿ ಮುಗಿದ ಮೇಲೆ ನೋಡುಗನ ಮುಂದೆ ಬರುತ್ತದೆ. ಪರದೆಯನ್ನು ನಿಲ್ಲಿಸಿ ಕೇಳುವವರಾರು?

ಎಚ್.ಎಲ್.ಎನ್. ಸಿಂಹ ಅವರ 'ಸಂಸಾರ ನೌಕ'ವನ್ನು ನೆನೆಯೋಣ. ಪುರಾಣ ಬಿಟ್ಟು ಮನೆಮಾತಿನ ಕಷ್ಟಸುಖ ಹೇಳಿದ ಆ ನಾಟಕವನ್ನು ರಂಗದಲ್ಲಿ ಬೆಳಗಿಸಿದ್ದು ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಕಂಪನಿ. 1936ರಲ್ಲಿ ಸಿಂಹ ಅವರೇ ಅದನ್ನು ಚಿತ್ರವಾಗಿಸಿದರು. ಆ ಕಂಪನಿಯ ನಟ ಬಿ.ಆರ್. ಪಂತುಲು ಅದರ ಮೂಲಕ ಚಿತ್ರರಂಗಕ್ಕೆ ಬಂದರು, ಎಂ.ವಿ. ರಾಜಮ್ಮನವರೂ ಬಂದರು. ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಅದನ್ನು ಹೊಗಳುವವರಲ್ಲಿ ಎಷ್ಟು ಮಂದಿ ಪೀರ್ ಅವರ ಹೆಸರು ಹೇಳುತ್ತಾರೆ? ಮುಸ್ಲಿಮರಿಗೂ ಕನ್ನಡದ ಕಲೆಗೂ ಏನು ಸಂಬಂಧ ಎಂದು ಕೇಳುವವರಿಗೆ ಆ ಒಂದು ಹೆಸರು ಸಾಕಾಗಿತ್ತು. ಹೆಸರು ಮರೆಯಾದರೆ ಸಂಬಂಧವೇ ಇರಲಿಲ್ಲವೇನೋ ಎಂಬಂತಾಗುತ್ತದೆ.

1974ರ 'ಸಂಪತ್ತಿಗೆ ಸವಾಲ್' ಕೂಡ ಹೀಗೆಯೇ. ಸಿರಿವಂತಿಕೆಯ ಸೊಕ್ಕಿಗೆ ಎದುರು ನಿಲ್ಲುವ ಆ ಕಥೆ ಉತ್ತರ ಕರ್ನಾಟಕದ ಕಂಪನಿ ನಾಟಕಕಾರ ಪಿ.ಬಿ. ಧುತ್ತರಗಿ ಅವರದು. ಎಮ್ಮೆಯ ಮೇಲೆ ಕೂತು ಹಾಡಿದ ರಾಜ್‌ಕುಮಾರ್ ಎಲ್ಲರಿಗೂ ಗೊತ್ತು. ಕಥೆಯ ಒಡೆಯನನ್ನು ನೆನೆಯುವವರು ವಿರಳ.

ಹಾಗಾದರೆ ನಾಟಕದ ಒಂದಕ್ಷರವನ್ನೂ ಬದಲಿಸಬಾರದೇ? ನಮಗೆ ಹಾಗನ್ನಿಸುವುದಿಲ್ಲ. ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಬರೆದ ಉರ್ದು ನಾಟಕ 'ಅನಾರ್ಕಲಿ'ಯಲ್ಲಿ ಆಕೆ ಗೋಡೆಯೊಳಗೆ ಜೀವಂತ ಸಮಾಧಿಯಾಗುತ್ತಾಳೆ. ಅದೇ ಕಥೆಯ ಮೇಲೆ ಕೆ. ಆಸಿಫ್ ಮಾಡಿದ 'ಮುಘಲ್-ಎ-ಆಜಮ್' (1960) ಚಿತ್ರದಲ್ಲಿ ಅಕ್ಬರ್ ಆಕೆಯ ತಾಯಿಗೆ ಕೊಟ್ಟಿದ್ದ ಮಾತಿಗೆ ಕಟ್ಟುಬಿದ್ದು ಸುರಂಗದ ದಾರಿಯಿಂದ ಆಕೆಯನ್ನು ಗುಟ್ಟಾಗಿ ಕಳುಹಿಸಿಕೊಡುತ್ತಾನೆ. ಕೊನೆ ಬದಲಾಯಿತು, ಆದರೆ ಪ್ರಶ್ನೆ ಉಳಿಯಿತು: ಅರಸನ ನ್ಯಾಯ ದೊಡ್ಡದೋ, ಮನುಷ್ಯನ ಪ್ರೀತಿ ದೊಡ್ಡದೋ? ಗಿರೀಶ ಕಾರ್ನಾಡರು 'ನಾಗಮಂಡಲ'ದ ಜನಪದ ಕಥೆಗಳನ್ನು ತಮಗೆ ಕೊಟ್ಟವರು ಎ.ಕೆ. ರಾಮಾನುಜನ್ ಎಂದು ಬಹಿರಂಗವಾಗಿ ಋಣ ಒಪ್ಪಿದರು. 1997ರಲ್ಲಿ ನಾಗಾಭರಣ ಅದನ್ನು ಚಿತ್ರವಾಗಿಸಿದರು. ಅಜ್ಜಿಯರ ಬಾಯಿಂದ ಹೊರಟದ್ದು ಕೈಯಿಂದ ಕೈಗೆ ಹೀಗೆ ಸಾಗಿಬಂತು.

ನಮ್ಮ ಕಚೇರಿಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ಆದರೆ ಆ ಪದದ ಮೂಲ ಅರ್ಥ, ನಂಬಿ ಒಪ್ಪಿಸಿದ ವಸ್ತು. ಅದನ್ನು ಇಟ್ಟುಕೊಂಡವನು ಅದರ ಮಾಲೀಕನಲ್ಲ, ಕಾವಲುಗಾರ. ನಾಟಕದಿಂದ ಬಂದ ಕಥೆಯೂ ಸಿನಿಮಾದವರ ಕೈಯಲ್ಲಿರುವ ಅಂಥದೊಂದು ಅಮಾನತು. ಲಕ್ಷಾಂತರ ಜನರನ್ನು ಮುಟ್ಟುವ ಶಕ್ತಿ ಸಿನಿಮಾಕ್ಕಿದೆ, ಅದು ಸಣ್ಣ ಉಪಕಾರವಲ್ಲ. ಆ ಶಕ್ತಿಯ ಜೊತೆಗೇ ಎರಡು ಹೊಣೆಗಳೂ ಬರುತ್ತವೆ. ಬರೆದವರ, ಆಡಿದವರ ಹೆಸರನ್ನು ಉಳಿಸಬೇಕು. ಊರ ರಂಗದಲ್ಲಿದ್ದ ಸಂಕೋಚವನ್ನೂ ಉಳಿಸಿಕೊಳ್ಳಬೇಕು. ಕ್ಯಾಮೆರಾದ ಮುಂದೆ ಒಬ್ಬ ಖಳನನ್ನು ನಿಲ್ಲಿಸುವಾಗ, ಅವನಂಥದೇ ಹೆಸರಿನ, ಅವನಂಥದೇ ಉಡುಪಿನ ಒಬ್ಬ ನೆರೆಯವನು ಮುಂದಿನ ಸಾಲಿನಲ್ಲಿ ಮಕ್ಕಳೊಡನೆ ಕೂತಿದ್ದಾನೆಂದು ನಿರ್ದೇಶಕ ಭಾವಿಸಬೇಕು. ಅಷ್ಟು ಮಾಡಿದರೆ ನಾಟಕದ ಋಣದಲ್ಲಿ ದೊಡ್ಡ ಪಾಲು ತೀರಿದಂತೆ.