ನಾಯಿಗೆ ಯಾವ ಪೂರ್ವಕರ್ಮ?



ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ನಮ್ಮ ಕೇರಿಗಳಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದರೆ ಇವತ್ತಿಗೂ ಒಂದು ಮಾತು ಕೇಳಿಬರುತ್ತದೆ: "ಹಿಂದಿನ ಜನ್ಮದಲ್ಲಿ ಏನು ಪಾಪ ಮಾಡಿದ್ದರೋ!" ದೀಕ್ಷೆ ಪಡೆದ ಮನೆಗಳಲ್ಲೂ ನಾನು ಇದನ್ನು ಕೇಳಿದ್ದೇನೆ. ಈ ಮಾತಿಗೆ ಹೆದರಿಯೇ ಕೆಲವು ತಾಯಂದಿರು ಎದೆಯ ಗಂಟನ್ನು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಾರೆ.

ನಮ್ಮ ಅಂಗಳದ ನಾಯಿಯನ್ನೇ ನೋಡೋಣ. ಅದಕ್ಕೂ ಕ್ಯಾನ್ಸರ್ ಬರುತ್ತದೆ. ಹೆಣ್ಣುನಾಯಿಗಳಲ್ಲಿ ಮೊಲೆಯ ಗಡ್ಡೆ ಸಾಮಾನ್ಯ. ನಾಯಿ ಬೀಡಿ ಸೇದುವುದಿಲ್ಲ. ಆದರೆ ನಾವು ಬಿಟ್ಟ ಹೊಗೆಯನ್ನು ಉಸಿರಾಡುತ್ತದೆ, ಮೈಮೇಲೆ ಕೂತದ್ದನ್ನು ನೆಕ್ಕುತ್ತದೆ. ಅಮೆರಿಕದ ಕೊಲೊರಾಡೊ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನಿಗಳ ಮನೆಯ ಉದ್ದ ಮೂತಿಯ ನಾಯಿಗಳಿಗೆ ಮೂಗಿನ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ಕಳೆನಾಶಕ ಹೊಡೆದ ಹುಲ್ಲಿನಲ್ಲಿ ಓಡಾಡಿದ ಸ್ಕಾಟಿಷ್ ಟೆರಿಯರ್ ನಾಯಿಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೆಚ್ಚಿರುವುದನ್ನು ಕಂಡರು. ನಾಯಿಯ ಆಯಸ್ಸು ಚಿಕ್ಕದು. ನಮ್ಮಲ್ಲಿ ಇಪ್ಪತ್ತು, ಮೂವತ್ತು ವರ್ಷಕ್ಕೆ ಹೊರಬೀಳುವ ರೋಗ ಅದರಲ್ಲಿ ಕೆಲವೇ ವರ್ಷಕ್ಕೆ ಕಾಣುತ್ತದೆ. ಶುಂಠಿ, ಆಲೂಗಡ್ಡೆ ಹೊಲಕ್ಕೆ ಕೂಲಿಗೆ ಔಷಧಿ ಹೊಡೆಯುವವರಲ್ಲಿ ನಮ್ಮವರು ಎಷ್ಟು ಮಂದಿ! ಅವರ ಹಿಂದೆ ಹೋಗುವ ನಾಯಿಯೂ ಅದೇ ಮಣ್ಣು ತುಳಿಯುತ್ತದೆ.

ನಾಯಿಗೆ ಯಾವ ಪೂರ್ವಕರ್ಮ? ನಾಯಿಯಾಗಿ ಹುಟ್ಟಿದ್ದೇ ಪಾಪದ ಫಲ ಎನ್ನುವವರು, ನಾವು ಈ ಕೇರಿಯಲ್ಲಿ ಹುಟ್ಟಿದ್ದಕ್ಕೂ ಅದೇ ಕಾರಣ ಹೇಳಿದವರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ಒಪ್ಪಲಿಲ್ಲ. ಭಗವಾನ್ ಬುದ್ಧರು ಕಲಿಸಿದ್ದು ಪ್ರತೀತ್ಯ ಸಮುತ್ಪಾದ: ಕಾರಣವಿದ್ದರೆ ಕಾರ್ಯ, ಕಾರಣ ತೆಗೆದರೆ ಕಾರ್ಯವೂ ಇಲ್ಲ.

ಎಲ್ಲ ಕಾರಣಗಳೂ ನಮ್ಮ ಕೈಯಲ್ಲಿಲ್ಲ. ವಯಸ್ಸಿದೆ, ವಂಶವಾಹಿಯಿದೆ. ಆದ್ದರಿಂದ ರೋಗಿಯನ್ನು ದೂರುವುದು ಧಮ್ಮವಲ್ಲ. ಕೈಯಲ್ಲಿರುವುದನ್ನು ಬಿಡುವುದೂ ಧಮ್ಮವಲ್ಲ. ಮನೆಯೊಳಗೆ ಬೀಡಿ ಬೇಡ, ಬಾಯಲ್ಲಿ ಹೊಗೆಸೊಪ್ಪು ಬೇಡ. ಹಿತ್ತಲಲ್ಲಿ ಪ್ಲಾಸ್ಟಿಕ್ ಸುಡುವುದು ಬೇಡ. ಔಷಧಿ ಹೊಡೆಯುವಾಗ ಕೈಗವಸು, ಮುಖಗವಸು ಇರಲಿ. ಬಂದ ಮೇಲೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ. ಗಂಟು ಕೈಗೆ ಸಿಕ್ಕರೆ ಅದೇ ವಾರ ವೈದ್ಯರಿಗೆ ತೋರಿಸಿ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ನಾಯಿಯ ಗಡ್ಡೆಯನ್ನು ಪಶು ಆಸ್ಪತ್ರೆಗೆ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲಿನ ಕರುಣೆಯೂ ಒಂದು. ಇಂದು ನಿಮ್ಮ ಬೀದಿಯಲ್ಲಿ ಗಂಟು ಮುಚ್ಚಿಟ್ಟುಕೊಂಡ ಒಬ್ಬ ಅಕ್ಕನಿದ್ದರೆ, "ಇದು ನಿನ್ನ ಪಾಪವಲ್ಲಕ್ಕಾ, ನಡಿ ಆಸ್ಪತ್ರೆಗೆ ಹೋಗೋಣ" ಎಂದು ಜೊತೆಗೆ ಹೊರಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.