ಮಗುವಿನ ಊರು ಯಾವುದು?

ಊರಿನಿಂದ ಬಂದ ಹಿರಿಯರು ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಹತ್ತಿರ ಕರೆದು ಮೊದಲು ಕೇಳುವುದು ಇದನ್ನೇ: "ನಿನ್ನ ಊರು ಯಾವುದು ಮಗಾ?" ಮಗು "ಮಲಾಡ್" ಅನ್ನುತ್ತದೆ. ಅಪ್ಪ ತಿದ್ದುತ್ತಾನೆ, "ಹಾಗಲ್ಲ, ಕುಂದಾಪುರ ಅನ್ನು." ಎಲ್ಲರೂ ನಗುತ್ತಾರೆ. ಅಪ್ಪ ಅಮ್ಮ ಒಟ್ಟಿಗಿರುವ ತನಕ ಇದು ತಮಾಷೆ. ಸಂಸಾರ ಒಡೆದ ದಿನ ಇದೇ ಪ್ರಶ್ನೆ ಕೋರ್ಟಿನ ಮೆಟ್ಟಿಲೇರುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಹೆಂಡತಿಗೆ ಸರಿಬರುವುದಿಲ್ಲ. ಬೇಸಿಗೆ ರಜೆಗೆಂದು ಮಗುವನ್ನು ಕರೆದುಕೊಂಡು ತವರಿಗೆ ಹೋದವಳು ಶಾಲೆ ಶುರುವಾದರೂ ತಿರುಗಿ ಬರುವುದಿಲ್ಲ. ಅಥವಾ ಗಂಡನೇ ಮಗುವನ್ನು ಊರಿಗೆ ಒಯ್ದು ತನ್ನ ತಾಯಿಯ ಬಳಿ ಬಿಟ್ಟು ಬರುತ್ತಾನೆ. ಒಬ್ಬರು ಬಾಂದ್ರಾದ ಫ್ಯಾಮಿಲಿ ಕೋರ್ಟಿನಲ್ಲಿ ಅರ್ಜಿ ಹಾಕುತ್ತಾರೆ, ಇನ್ನೊಬ್ಬರು ಊರಿನ ಕಡೆಯ ಕೋರ್ಟಿನಲ್ಲಿ. ಯಾವ ಕೋರ್ಟು ಕೇಳಬೇಕು?

1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 9ನೇ ಕಲಮು ಇದಕ್ಕೆ ಉತ್ತರ ಕೊಡುತ್ತದೆ: ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿನ ಕೋರ್ಟು. ಅಪ್ಪನ ಮೂಲ ಊರಲ್ಲ, ಅಮ್ಮನ ತವರೂರೂ ಅಲ್ಲ. ಮಗು ಎಲ್ಲಿ ಶಾಲೆಗೆ ಹೋಗುತ್ತಿತ್ತು, ಎಷ್ಟು ಕಾಲ ಎಲ್ಲಿ ನೆಲೆಸಿತ್ತು ಎಂಬುದನ್ನೆಲ್ಲ ಆಯಾ ಪ್ರಕರಣಕ್ಕೆ ತಕ್ಕಂತೆ ನೋಡುತ್ತಾರೆ. ರಜೆಗೆ ಹೋಗಿಬಂದ ಮಾತ್ರಕ್ಕೆ ಮಗುವಿನ ಊರು ಬದಲಾಗುವುದಿಲ್ಲ. ಹೊರನಾಡಿನಲ್ಲಿರುವ ನಮಗೆ ಇದು ಸ್ವಲ್ಪ ಚುಚ್ಚುವ ಮಾತೇ. ನಾವು ಮೂವತ್ತು ವರ್ಷ ಇಲ್ಲಿದ್ದರೂ "ಊರು" ಅಂದರೆ ಅದೇ ಊರು. ಮಗುವಿನ ಊರು ಬೇರೆ ಅಂತ ಕಾಯ್ದೆ ನಮಗಿಂತ ಮೊದಲೇ ಒಪ್ಪಿಕೊಂಡಿದೆ.

ಇದು ಕೋರ್ಟು ಯಾವುದೆಂಬ ಮಾತಾಯಿತು. ಮಗು ಯಾರ ಬಳಿ ಇರಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಹಳೆಯ ಕಟ್ಟಳೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು. ತುಳುನಾಡಿನ ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕುಟುಂಬದವರು. ಉಳಿದ ಬಹುಪಾಲು ಕಡೆ ತಂದೆಯ ವಂಶದವರು. ಎರಡೂ ಕಡೆ ಕೇಳುತ್ತಿದ್ದದ್ದು "ಮಗು ಯಾರದು?" ಅಂತಲೇ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಕೂಡ ತಂದೆ ಮೊದಲು, ಅವನ ನಂತರ ತಾಯಿ ಅಂತ ಬರೆಯಿತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, "ನಂತರ" ಅಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಅವನು ಆ ಹೊಣೆ ಹೊರದೆ ಇದ್ದಾಗಲೂ ಎಂದು ಅರ್ಥ ಹೇಳಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತಲೂ ಆ ಕಾಯ್ದೆಯಲ್ಲಿದೆ. ಇವೆಲ್ಲಕ್ಕೂ ಮೇಲೆ ಅದರ 13ನೇ ಕಲಮಿದೆ: ಮಗುವಿನ ಹಿತವೇ ಮುಖ್ಯ. ಸ್ವಂತ ಅಭಿಪ್ರಾಯ ಹೇಳುವಷ್ಟು ತಿಳಿವಳಿಕೆ ಬಂದ ಮಗುವಾದರೆ, ಕೋರ್ಟು ಅದರ ಮಾತನ್ನೂ ಗಣಿಸಬಹುದು.

ಹಿತ ಅಂದರೆ ದೊಡ್ಡ ಸಂಬಳ, ದೊಡ್ಡ ಶಾಲೆ ಅಲ್ಲ. ಹಾಗಾದರೆ ಗೆಲುವು ಯಾವಾಗಲೂ ದುಡ್ಡಿದ್ದವರದೇ ಆಗುತ್ತಿತ್ತು. ದುಡಿಯುವವನು ಖರ್ಚು ಕೊಡಬಹುದು, ಅದಕ್ಕಾಗಿ ಮಗುವನ್ನೇ ಅವನಿಗೆ ಕೊಡಬೇಕಾಗಿಲ್ಲ.

ಇಲ್ಲೊಂದು ಗಂಟು ಇದೆ. "ಮಗುವಿನ ಊರು ಮುಂಬಯಿ" ಅಂದರೆ ಆ ತಾಯಿ ಎಲ್ಲಿಗೆ ಹೋಗಬೇಕು? ಈ ಶಹರದಲ್ಲಿ ಅವಳಿಗೆ ಗಂಡನ ಮನೆ ಬಿಟ್ಟರೆ ಬೇರೆ ಸೂರಿಲ್ಲ. ತವರು ಅವಳಿಗೆ ಹಟವಲ್ಲ, ಆಸರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವಳಿಗೆ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಆ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಹೊಡೆತ ತಿಂದ ಮನೆಗೇ ಹಿಂದಿರುಗು ಅನ್ನುವುದು ಎಷ್ಟು ಸರಿ? ತಾಯಿ ಬೆದರಿಕೊಂಡೇ ದಿನ ಕಳೆಯುವ ಮನೆಯಲ್ಲಿ ಮಗುವಿಗೆ ಹಿತವಿರುತ್ತದೆ ಅಂತ ನನಗನ್ನಿಸುವುದಿಲ್ಲ. ಮಗುವಿನ ಹಿತ ತೂಗುವಾಗ ಅದನ್ನು ನೋಡಿಕೊಳ್ಳುವವಳ ನೆಮ್ಮದಿಯನ್ನೂ ತಕ್ಕಡಿಗೆ ಹಾಕಲೇಬೇಕು.

ಊರಿನಲ್ಲಿರುವ ನೀವು ಈ ಜಗಳದ ಹೊರಗಿದ್ದೀರಿ ಅಂದುಕೊಳ್ಳಬೇಡಿ. ಮಗು ಬಂದು ಸೇರುವುದು ನಿಮ್ಮ ಮನೆಗೇ. "ನಮ್ಮ ಕುಡಿ, ಕೊಡುವುದಿಲ್ಲ" ಅಂತ ಅಜ್ಜಿ ಹೇಳುವುದು ಪ್ರೀತಿಯಿಂದಲೇ ಇರಬಹುದು. ಆದರೆ ಆ ಮಾತಿನಲ್ಲಿ ಮಗು ಒತ್ತೆಯಿಟ್ಟ ಒಡವೆಯಾಗಿಬಿಡುತ್ತದೆ. ಮಕ್ಕಳು ತಂದೆತಾಯಿಯ ಸೊತ್ತಲ್ಲ ಅಂತ ಸುಪ್ರೀಂ ಕೋರ್ಟು 1973ರಷ್ಟು ಹಿಂದೆಯೇ, ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿತ್ತು. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಇಂಥ ಆದೇಶಗಳನ್ನು ಬದಲಾಯಿಸಬಹುದು. ಹಾಗಾಗಿ ಇದರಲ್ಲಿ ಕೊನೆಯ ಗೆಲುವು ಅನ್ನುವುದೇ ಇಲ್ಲ.

ಮಗುವನ್ನು ಭೇಟಿಯಾಗುವ, ಫೋನಿನಲ್ಲಿ, ವಿಡಿಯೋ ಕಾಲ್‌ನಲ್ಲಿ ಮಾತಾಡುವ ಅವಕಾಶ ಇನ್ನೊಬ್ಬರಿಗೆ ಸಿಗಬೇಕು ಅಂತ 2020ರ ಇನ್ನೊಂದು ತೀರ್ಪಿನಲ್ಲಿದೆ. ಮಗುವಿಗೆ ಅಪಾಯವಿಲ್ಲದ ಕಡೆ ಇದಕ್ಕೆ ತೀರ್ಪಿಗಾಗಿ ಕಾಯಬೇಕೆಂದೇನೂ ಇಲ್ಲ. ಮಗು ನಿಮ್ಮ ಮನೆಯಲ್ಲಿದ್ದರೆ, ಸಂಜೆ ಅಪ್ಪನಿಗೋ ಅಮ್ಮನಿಗೋ ಒಂದು ಫೋನ್ ಹಚ್ಚಿ ಮಗುವಿನ ಕೈಗೆ ಕೊಡಿ. ಕೊಟ್ಟ ಮೇಲೆ ಪಕ್ಕದಲ್ಲಿ ನಿಂತು ಕಿವಿಗೊಡಬೇಡಿ.