ಓದಿ ಮುಗಿಸಿದ ಪುಸ್ತಕ ಯಾರದು?

ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳಲ್ಲಿ ಓದಿನ ಹುಚ್ಚು ಹತ್ತಿದವರ ವಾರ ದೊಡ್ಡ ನಗರಗಳ ಓದುಗರ ವಾರದಂತಿರುವುದಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಶಾಲೆಯ ಪಠ್ಯ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಸಿಗುತ್ತವೆ. ಒಂದು ಕಥಾಸಂಕಲನವೋ ಇತಿಹಾಸದ ಗ್ರಂಥವೋ ಬೇಕೆಂದರೆ ಗದಗಿಗೋ ಧಾರವಾಡಕ್ಕೋ ಹೋಗಬೇಕು. ಇಲ್ಲವೇ ಪ್ರಕಾಶಕರಿಗೆ ಫೋನು ಮಾಡಿ ಅಂಚೆಯಲ್ಲಿ ತರಿಸಿಕೊಳ್ಳಬೇಕು. ಹೀಗೆ ಕಾದು ಪಡೆದ ಪುಸ್ತಕದ ಮೇಲೆ ಮಮತೆ ಹೆಚ್ಚು. ಮಮತೆ ಹೆಚ್ಚಾದಲ್ಲಿ ಬಿಗಿಹಿಡಿತವೂ ಹೆಚ್ಚು.

ನನ್ನ ವಾರವೂ ಅಂಥದ್ದೇ. ಕೆಲಸದ ನಿಮಿತ್ತ ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುವವನು ನಾನು. ಬಸ್ಸಿನಲ್ಲಿ ಸಣ್ಣ ಕತೆಗಳನ್ನು ಓದುತ್ತೇನೆ. ಕಿಟಕಿಯಾಚೆ ಕಣ್ಣು ಹಾಯುವವರೆಗೂ ಎರೆಹೊಲ, ಗಜೇಂದ್ರಗಡ ಸಮೀಪಿಸಿದಂತೆ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ರಾತ್ರಿ ಊಟವಾದ ಮೇಲೆ ಯಾವುದಾದರೊಂದು ಗಂಭೀರ ಗ್ರಂಥದ ಹತ್ತಿಪ್ಪತ್ತು ಪುಟ. ಭಾನುವಾರ ಬೆಳಿಗ್ಗೆ ವಾರಪತ್ರಿಕೆ, ಮಾಸಪತ್ರಿಕೆಗಳು. ಮಧ್ಯಾಹ್ನ ಹೊಸದಾಗಿ ಬಂದ ಪುಸ್ತಕಗಳಿಗೆ ಹೊದಿಕೆ ಹಾಕುವ ಕೆಲಸ. ಈಚೆಗೆ ಕಪಾಟು ಸೇರಿದವುಗಳಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕರ ಕತೆಗಳಿವೆ, ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಇದೆ, ನಮ್ಮದೇ ನೆಲದ ದುರ್ಗಸಿಂಹನ 'ಪಂಚತಂತ್ರ'ವೂ ಇದೆ.

ನೆರೆಮನೆಯ ನೇಕಾರರ ಮಗಳು ಡಿಗ್ರಿ ಓದುತ್ತಿದ್ದಾಳೆ. ಒಂದು ದಿನ ಕಪಾಟಿನ ಮುಂದೆ ನಿಂತು ಅವಳು ಕೇಳಿದಳು: "ಕಾಕಾ, ನೀವಂತೂ ಓದಿ ಮುಗಿಸೀರಿ. ಇನ್ನ ಇದು ಕಪಾಟಿನ್ಯಾಗ ಕುಂತು ಏನ್ ಮಾಡ್ತೈತ್ರಿ?" ಪುಸ್ತಕ ಕೇಳುವುದಕ್ಕೆ ಅವಳು ಕಂಡುಕೊಂಡ ದಾರಿ ಅದು. ಆದರೆ ಪುಸ್ತಕ ಪ್ರೀತಿಸುವವರೆಲ್ಲರೂ ಒಮ್ಮೆಯಾದರೂ ಉತ್ತರಿಸಬೇಕಾದ ನೈತಿಕ ಪ್ರಶ್ನೆಯೂ ಅದರಲ್ಲಿದೆ. ಹಣ ಕೊಟ್ಟು ಕೊಂಡಿದ್ದೇನೆ, ಆದ್ದರಿಂದ ಇದು ನನ್ನದು ಎಂಬ ಮಾತು ಕಾನೂನಿಗೆ ಸಾಕು. ಆತ್ಮಸಾಕ್ಷಿಗೆ ಸಾಕೇ? ಒಂದು ಪುಸ್ತಕದ ಬೆಲೆ ಒಂದು ದಿನದ ಕೂಲಿಗೆ ಸಮನಾಗಿರುವ ಊರಿನಲ್ಲಿ, ಓದಿ ಮುಗಿದ ನೂರಾರು ಪುಸ್ತಕಗಳನ್ನು ಗಾಜಿನ ಬಾಗಿಲ ಹಿಂದೆ ಇಟ್ಟುಕೊಳ್ಳುವುದು ಎಷ್ಟರಮಟ್ಟಿಗೆ ನ್ಯಾಯ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಸುತ್ತಲಿನ ನೆಲವೇ ಮೂರು ಬೇರೆ ಬೇರೆ ಉದಾಹರಣೆಗಳನ್ನು ಕೊಡುತ್ತದೆ.

ಮೊದಲನೆಯದು ನರಗುಂದದ್ದು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ವೀರನಾಗಿ ನಮಗೆಲ್ಲ ಗೊತ್ತು. ಆತ ದೊಡ್ಡ ಓದುಗನೂ ಆಗಿದ್ದನೆಂಬುದು ಅಷ್ಟಾಗಿ ಗೊತ್ತಿಲ್ಲ. ಅವನನ್ನು ದಕ್ಷಿಣದ ಸಂಸ್ಥಾನಿಕರಲ್ಲಿ ಅತ್ಯಂತ ಬುದ್ಧಿವಂತನೆಂದು ಅವನ ಶತ್ರುಗಳಾದ ಬ್ರಿಟಿಷರೇ ಬರೆದಿದ್ದಾರೆ. ಅವನಲ್ಲಿ ಮೂರು-ನಾಲ್ಕು ಸಾವಿರ ಗ್ರಂಥಗಳ ಸಂಗ್ರಹವಿತ್ತೆಂದೂ ಹೇಳಿದ್ದಾರೆ. ಅವನಿಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಸರಕಾರ ಒಪ್ಪಲಿಲ್ಲ. ಅವನ ಸಿಟ್ಟಿಗೆ ಅದು ದೊಡ್ಡ ಕಾರಣ. ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾದ. ಜೂನ್ ಮೊದಲ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಎರಡು ವಾರಗಳಲ್ಲಿ ಎಲ್ಲವೂ ಮುಗಿಯಿತು. ಆ ಗ್ರಂಥಸಂಗ್ರಹ ಇಂದು ನರಗುಂದದಲ್ಲಿಲ್ಲ. ಬಾಬಾಸಾಹೇಬನನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಪುಸ್ತಕಗಳೆಲ್ಲ ಒಂದೇ ಅರಮನೆಯಲ್ಲಿದ್ದವು. ಅರಮನೆಗೆ ಬಂದದ್ದು ಪುಸ್ತಕಗಳಿಗೂ ಬಂತು. ಗದ್ದುಗೆಗೆ ವಾರಸುದಾರ ಬೇಕೆಂದು ಒಬ್ಬ ಅರಸ ಪ್ರಾಣವನ್ನೇ ಕೊಟ್ಟ. ಗ್ರಂಥಗಳಿಗೆ ವಾರಸುದಾರರು ಊರಿನ ಓಣಿಗಳಲ್ಲಿ ಇರಬಹುದಾಗಿತ್ತು.

ಎರಡನೆಯದು ಲಕ್ಕುಂಡಿಯದು. ಗದಗಿನ ಪಕ್ಕದ ಈ ಊರಿನಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಹತ್ತನೆಯ ಶತಮಾನದ ಕೊನೆಯಲ್ಲಿ ಬದುಕಿದ್ದವಳು. ರನ್ನ ಕವಿಗೆ ಆಶ್ರಯ ಕೊಟ್ಟು 'ಅಜಿತಪುರಾಣ' ಬರೆಸಿದವಳು. ಅವಳು ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ತಾಳೆಗರಿಯಲ್ಲಿ ಬರೆಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಹದ ಮಾಡಿ, ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಯಬೇಕಾಗಿತ್ತು. ಇಂದಿಗೂ ಕನ್ನಡದ ಸಾಹಿತ್ಯ ಪುಸ್ತಕಗಳ ಒಂದು ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ ದಾಟುವುದಿಲ್ಲ ಎಂಬುದನ್ನು ನೆನೆದರೆ ಅವಳ ಸಂಕಲ್ಪದ ಅಳತೆ ಸಿಗುತ್ತದೆ. ಜೈನರಲ್ಲಿ ಅನ್ನ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ್ದಾರೆ. ಹಸಿದವನಿಗೆ ಅನ್ನ ಕೊಡುವುದೂ ತಿಳಿಯಬಯಸುವವನಿಗೆ ಗ್ರಂಥ ಕೊಡುವುದೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಮೂರನೆಯದು ದುರ್ಗಸಿಂಹನದು. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಈತ 1031ರಲ್ಲಿ ಕನ್ನಡ 'ಪಂಚತಂತ್ರ'ವನ್ನು ಮುಗಿಸಿದ. ಅವನ ಊರು ಸಯ್ಯಡಿ. ಅದು ರೋಣ ತಾಲೂಕಿನ ಸವಡಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎಲ್ಲರೂ ವಿಷ್ಣುಶರ್ಮನ ಪಂಚತಂತ್ರವನ್ನು ಬಲ್ಲರು. ದುರ್ಗಸಿಂಹ ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿದ. ಇದೇ ಕತೆಗಳು ಅದಕ್ಕೆ ಎಷ್ಟೋ ಮೊದಲು, ಆರನೆಯ ಶತಮಾನದಲ್ಲಿ, ಪರ್ಷಿಯಾಕ್ಕೆ ಹೋಗಿದ್ದವು. ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫಅ ಅವುಗಳನ್ನು 'ಕಲೀಲ ವ ದಿಮ್ನ' ಎಂಬ ಹೆಸರಿನಲ್ಲಿ ಅರಬಿಗೆ ತಂದ. ಅಲ್ಲಿಂದ ಅವು ಯುರೋಪಿನ ಭಾಷೆಗಳಿಗೂ ಹರಡಿದವು. ಕತೆಗಳು ಪರ್ಷಿಯಾಕ್ಕೆ ಹೋದ ಬಗೆಯನ್ನು ಹೇಳುವ ಒಂದು ಕತೆ ಫಿರ್ದೌಸಿಯ 'ಶಾಹನಾಮೆ'ಯಲ್ಲಿದೆ. ಬರ್ಜೂಯ ಎಂಬ ವೈದ್ಯ ಭಾರತಕ್ಕೆ ಬಂದಾಗ ಗ್ರಂಥ ಅರಸನ ಭಂಡಾರದಲ್ಲಿತ್ತು. ಅದನ್ನು ನಕಲು ಮಾಡಲು ಅನುಮತಿಯಿರಲಿಲ್ಲ, ಓದಲು ಮಾತ್ರ ಇತ್ತು. ಆತ ದಿನವೂ ಒಂದಿಷ್ಟು ಓದಿ ಮನಸ್ಸಿನಲ್ಲಿಟ್ಟುಕೊಂಡು, ಬಿಡಾರಕ್ಕೆ ಮರಳಿ ಬರೆದಿಟ್ಟುಕೊಳ್ಳುತ್ತಿದ್ದನಂತೆ. ಇದು ಇತಿಹಾಸವೋ ಕಲ್ಪನೆಯೋ, ಅದರ ನೀತಿಯಂತೂ ಸ್ಪಷ್ಟ. ಭಂಡಾರದ ಒಡೆಯನ ಬಳಿ ಪುಸ್ತಕವಿತ್ತು. ಓದುಗನ ಬಳಿ ಅದರ ಸಾರವಿತ್ತು. ಜಗತ್ತಿಗೆ ತಲುಪಿದ್ದು ಎರಡನೆಯದು.

ಇಷ್ಟಾದರೂ ಸಂಗ್ರಹಕಾರನ ಪರವಾಗಿ ಹೇಳಬೇಕಾದ ಮಾತುಗಳಿವೆ. ಅವನ್ನು ತಳ್ಳಿಹಾಕುವುದು ಸರಿಯಲ್ಲ. ಪುಸ್ತಕ ಕೊಳ್ಳುವವರಿಲ್ಲದಿದ್ದರೆ ಬರೆಯುವವರೂ ಪ್ರಕಟಿಸುವವರೂ ಉಳಿಯುವುದಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಆರಂಭವಾಗಿ ಇಷ್ಟು ಕಾಲ ಬಾಳಿದ್ದರಲ್ಲಿ ಚಂದಾ ಕೊಟ್ಟು ಪುಸ್ತಕ ತರಿಸಿಕೊಂಡ ಸಾಮಾನ್ಯ ಓದುಗರ ಪಾಲು ಸಣ್ಣದಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರನ್ನು ಜನ 'ಪುಸ್ತಕದ ಸ್ವಾಮೀಜಿ' ಎಂದು ಕರೆದದ್ದು ಅವರು ನೂರಾರು ಗ್ರಂಥಗಳನ್ನು ಪ್ರಕಟಿಸಿದ್ದರಿಂದ. 2018ರಲ್ಲಿ ಅವರು ತೀರಿಕೊಂಡರು; ಆ ಗ್ರಂಥಗಳು ಮನೆಮನೆಗಳ ಕಪಾಟುಗಳಲ್ಲಿ ಉಳಿದಿವೆ. ಮೇಲಾಗಿ, ಪುಸ್ತಕದ ಜೊತೆ ನಮಗಿರುವ ಸಂಬಂಧ ಒಂದು ಓದಿಗೆ ಮುಗಿಯುವುದಿಲ್ಲ. ಇಪ್ಪತ್ತರಲ್ಲಿ ಓದಿದ ಕಾದಂಬರಿ ಐವತ್ತರಲ್ಲಿ ಬೇರೆಯೇ ಮಾತಾಡುತ್ತದೆ. ಇನ್ನೂ ಓದದ ಪುಸ್ತಕವೂ ವ್ಯರ್ಥವಲ್ಲ. ನಮಗೆ ತಿಳಿಯದ್ದು ಎಷ್ಟಿದೆ ಎಂಬುದನ್ನು ಅದು ದಿನವೂ ನೆನಪಿಸುತ್ತದೆ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಹನಫೀ ಕರ್ಮಶಾಸ್ತ್ರದಲ್ಲಿ ಝಕಾತ್‌ನ ಲೆಕ್ಕಕ್ಕೆ ಬಾರದ ವಸ್ತುಗಳ ಪಟ್ಟಿಯೊಂದಿದೆ: ವಾಸದ ಮನೆ, ಉಡುವ ಬಟ್ಟೆ, ಕಸುಬುದಾರನ ಉಪಕರಣ. ಇವುಗಳ ಸಾಲಿನಲ್ಲಿಯೇ ವಿದ್ವಾಂಸರು ಜ್ಞಾನದ ಪುಸ್ತಕಗಳನ್ನೂ ಸೇರಿಸಿದ್ದಾರೆ. ಅವು ಸಂಪತ್ತಲ್ಲ, ಅಗತ್ಯ ಎಂಬುದು ಅದರ ಅರ್ಥ. ಓದುವವನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ? ಆದರೆ ಅಲ್ಲಿ ಒಂದು ಸಣ್ಣ ಮಾತೂ ಇದೆ: ಆ ರಿಯಾಯಿತಿ ಅವುಗಳನ್ನು ಬಳಸುವ ಜನರಿಗೆ ಎಂದು. ನೇಕಾರನ ಮಗ್ಗ ಅವನ ಅಗತ್ಯವಾಗುವುದು ಅದರ ಮೇಲೆ ನೂಲು ಓಡುವವರೆಗೆ. ಪುಸ್ತಕಕ್ಕೂ ಇದೇ ಅಳತೆಗೋಲನ್ನು ಹಿಡಿಯಬಹುದೆಂದು ನನಗನಿಸುತ್ತದೆ. ನಾನು ಮತ್ತೆ ಮತ್ತೆ ಮರಳುವ ಪುಸ್ತಕ, ನನ್ನ ಕೆಲಸಕ್ಕೆ ಬೇಕಾದ ಪುಸ್ತಕ, ಓದಬೇಕೆಂಬ ನಿಜವಾದ ಆಸೆಯಿಂದ ಕಾದಿರುವ ಪುಸ್ತಕ, ಇವು ನನ್ನ ಅಗತ್ಯ. ಉಳಿದದ್ದು ನನ್ನಲ್ಲಿರುವ ಅಮಾನತ್ತು, ಯಾರೋ ಬಂದು ಕೇಳುವವರೆಗೆ ಕಾಯ್ದಿಡಬೇಕಾದ ಒಪ್ಪಿಗೆ.

ಕೊಟ್ಟರೆ ಮರಳಿ ಬರುವುದಿಲ್ಲ ಎಂಬ ಆಕ್ಷೇಪ ಹಳೆಯದು. ಪುಸ್ತಕ, ಹೆಣ್ಣು, ಹಣ ಈ ಮೂರೂ ಪರರ ಕೈ ಸೇರಿದರೆ ಹೋದಂತೆಯೇ ಎಂಬ ಸಂಸ್ಕೃತದ ಗಾದೆಮಾತನ್ನು ಎಷ್ಟೋ ಮನೆಗಳಲ್ಲಿ ನಗುತ್ತಾ ಹೇಳುವುದಿದೆ. ಆ ಪಟ್ಟಿಯನ್ನೊಮ್ಮೆ ನೋಡಿ. ಹೆಣ್ಣನ್ನು ವಸ್ತುವಿನಂತೆ ಎಣಿಸುವ ಮನಸ್ಸೇ ಪುಸ್ತಕವನ್ನೂ ಬೀಗ ಹಾಕುವ ಸೊತ್ತೆಂದು ಎಣಿಸಿದೆ. ಹೆಣ್ಣಿನ ವಿಷಯದಲ್ಲಿ ಆ ಮಾತನ್ನು ನಾವು ಕೈಬಿಟ್ಟಿದ್ದೇವೆ, ಬಿಡಲೇಬೇಕಾಗಿತ್ತು. ಪುಸ್ತಕದ ವಿಷಯದಲ್ಲಿಯೂ ಅದನ್ನು ಮರುಪರಿಶೀಲಿಸಬಾರದೇಕೆ? ಹತ್ತು ಪುಸ್ತಕ ಕೊಟ್ಟರೆ ಎರಡು ಬಾರದಿರಬಹುದು. ಆ ಎರಡೂ ಯಾರದೋ ಮನೆಯಲ್ಲಿ ಓದಿಸಿಕೊಳ್ಳುತ್ತಿದ್ದರೆ ಅವು ಕಳೆದುಹೋದವೆಂದು ಹೇಳುವುದು ಹೇಗೆ? ನಮ್ಮ ಕಾಲಾನಂತರ ಮಕ್ಕಳು ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಪುಸ್ತಕಗಳೇ ನಿಜವಾಗಿ ಕಳೆದುಹೋಗುವವು.

ಸರಕಾರದ ಗ್ರಂಥಾಲಯಗಳಿವೆಯಲ್ಲ ಎಂದು ಕೇಳುವವರೂ ಇದ್ದಾರೆ. ಇವೆ. 1965ರ ಗ್ರಂಥಾಲಯ ಕಾಯಿದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ 'ಅರಿವು ಕೇಂದ್ರ'ಗಳೆನಿಸಿವೆ. ಕರ ಕೊಟ್ಟವರಾಗಿ ಅಲ್ಲಿ ಒಳ್ಳೆಯ ಪುಸ್ತಕ ಕೇಳುವುದು ನಮ್ಮ ಹಕ್ಕು. ಆದರೆ ಬಡವರಿಗೆ ಸರಕಾರದ ಪಡಿತರವಿದೆ ಎಂದು ನೆರೆಯವನ ಹಸಿವಿನ ಹೊಣೆಯಿಂದ ನಾವು ಮುಕ್ತರಾಗುವುದಿಲ್ಲ. ಓದಿನ ಹಸಿವಿಗೂ ಅದು ಅನ್ವಯಿಸುತ್ತದೆ. ಇನ್ನು, ಕೊಡುವುದರಲ್ಲಿಯೂ ಒಂದು ಅಪಾಯವಿದೆ. ಗೆದ್ದಲು ತಿಂದ ಗೈಡು, ಅವಧಿ ಮುಗಿದ ಪಠ್ಯ, ಯಾರಿಗೂ ಬೇಡವಾದ ಅಭಿನಂದನ ಗ್ರಂಥಗಳನ್ನು ಗ್ರಂಥಾಲಯಕ್ಕೆ ತಂದು ಸುರಿದು ದಾನಿಗಳೆನಿಸಿಕೊಳ್ಳುವವರಿದ್ದಾರೆ. ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ತಂದೆಯನ್ನು ಕಂಡು ಕಠೋಪನಿಷತ್ತಿನ ಬಾಲಕ ನಚಿಕೇತ ಕಳವಳಗೊಂಡ. ಆ ಬಾಲಕನ ಕಣ್ಣಿನಿಂದ ನಮ್ಮ ಪುಸ್ತಕ ದಾನಗಳನ್ನೂ ನೋಡಿಕೊಳ್ಳಬೇಕು.

ಮೈಸೂರಿನ ಸೈಯದ್ ಇಸಾಖ್ ಅವರ ಹೆಸರನ್ನು ಇಲ್ಲಿ ನೆನೆಯಬೇಕು. ಸ್ವತಃ ಶಾಲಾ ಶಿಕ್ಷಣದಿಂದ ವಂಚಿತರಾದ ಈ ಕೂಲಿಕಾರ್ಮಿಕರು ಜನ ಕನ್ನಡ ಓದಲಿ ಎಂದು ಸಾರ್ವಜನಿಕ ಗ್ರಂಥಾಲಯ ಕಟ್ಟಿದರು. 2021ರ ಏಪ್ರಿಲ್ 9ರಂದು ಅದು ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಅವುಗಳಲ್ಲಿ ಭಗವದ್ಗೀತೆ, ಕುರ್‌ಆನ್, ಬೈಬಲ್‌ಗಳ ಪ್ರತಿಗಳಿದ್ದವು. ಸುದ್ದಿ ಹರಡುತ್ತಲೇ ಜಾತಿ ಮತ ನೋಡದೆ ಜನ ಹಣ, ಪುಸ್ತಕಗಳ ನೆರವಿಗೆ ಮುಂದಾದರು. ನರಗುಂದದ ಅರಮನೆಯ ಸಂಗ್ರಹದೊಂದಿಗೆ ಇದನ್ನು ಹೋಲಿಸಿ ನೋಡಿ. ಸಂಖ್ಯೆಯಲ್ಲಿ ಕಾರ್ಮಿಕನದೇ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ಅವರ ಪುಸ್ತಕಗಳು ಸುಟ್ಟಾಗ ನಷ್ಟ ತಮ್ಮದೆಂದು ತಿಳಿದ ಸಾವಿರಾರು ಜನ ಇದ್ದರು. ಹಂಚಿಕೊಂಡವನ ಪುಸ್ತಕಕ್ಕೆ ಹೀಗೆ ಬದುಕಿರುವಾಗಲೇ ವಾರಸುದಾರರು ಹುಟ್ಟಿಕೊಳ್ಳುತ್ತಾರೆ.

ಆದ್ದರಿಂದ ಪುಸ್ತಕಪ್ರಿಯರಲ್ಲಿ ನನ್ನ ವಿನಂತಿ ಸರಳವಾದದ್ದು. ಕೊಳ್ಳುವುದನ್ನು ನಿಲ್ಲಿಸಬೇಡಿ, ಅದರಿಂದ ಕನ್ನಡದ ಲೇಖಕ, ಪ್ರಕಾಶಕ, ಅಂಗಡಿಯವ ಎಲ್ಲರೂ ಬದುಕುತ್ತಾರೆ. ಅಪರೂಪದ ಹಳೆಯ ಪ್ರತಿಯಿದ್ದರೆ ಅದನ್ನು ಜೋಪಾನವಾಗಿಡುವ ಸಂಸ್ಥೆಗೆ ತಲುಪಿಸಿ. ಉಳಿದವುಗಳಲ್ಲಿ ವಾರಕ್ಕೊಂದು ಪುಸ್ತಕ ನಿಮ್ಮ ಮನೆಯಿಂದ ಹೊರಗೆ ಹೋಗಲಿ. ಬೇಡವಾದದ್ದನ್ನು ಕೊಡಬೇಡಿ, ಓದಿ ನಿಮಗೆ ನಿದ್ದೆಗೆಡಿಸಿದ್ದನ್ನು ಕೊಡಿ, ಯಾರು ಓದಬೇಕೆಂದು ನಿಮಗನಿಸಿತೋ ಅವರಿಗೇ ಕೊಡಿ, ಓದಿದ ಮೇಲೆ ಅದರ ಬಗ್ಗೆ ಅವರೊಂದಿಗೆ ಒಂದಿಷ್ಟು ಹೊತ್ತು ಮಾತಾಡಿ. ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿದಳು. ವಾರಕ್ಕೊಂದರಂತೆ ಕೊಡುತ್ತ ಹೋದರೆ ಆ ಸಂಖ್ಯೆ ಮುಟ್ಟಲು ನಮಗೆ ಸುಮಾರು ಇಪ್ಪತ್ತು ವರ್ಷ ಸಾಕು. ಒಬ್ಬ ಓದುಗನ ಆಯುಷ್ಯದಲ್ಲಿ ಅದು ದೊಡ್ಡ ಅವಧಿಯೇನೂ ಅಲ್ಲ.